ಬೀಗಿತಿಯ ಕೊರಳಿನ ಮುತ್ತು

ಬಹರೇನ್‌ನಿಂದ ರಜೆಗೆ ಬಂದ ಮಗ ರಂಜಿತ್ ಅಮ್ಮನಿಗೊಂದು ಮುತ್ತಿನ ಸರ ತಂದಿದ್ದ. ಕುದ್ರೋಳಿಯ ರಾಜೀವಿಯಕ್ಕ ಅದನ್ನು ಹಾಕಿಕೊಂಡು ಅರ್ಧ ದಿನ ಸುಖವಾಗಿದ್ದರು. ಊಟದ ಹೊತ್ತಿಗೆ ಸೊಸೆ ಅಕ್ಷಿತಾ, ಕುಲಶೇಖರದ ತನ್ನ ಅಮ್ಮನಿಗೂ ಒಂದು ಸರ ಬಂದಿದೆ ಎಂದು ಸಂಭ್ರಮದಲ್ಲಿ ಹೇಳಿಬಿಟ್ಟಳು. ಅಲ್ಲಿಗೆ ಸುಖ ಮುಗಿಯಿತು. ಹೆತ್ತವಳನ್ನೂ ಹೆಣ್ಣು ಕೊಟ್ಟವಳನ್ನೂ ಮಗ ಒಂದೇ ತಕ್ಕಡಿಯಲ್ಲಿ ಇಟ್ಟನೆ? ಅಥವಾ ಅವಳದೇ ಒಂದು ಕೈ ಮೇಲೋ? ಅದು ತಿಳಿಯದೆ ಅನ್ನ ಇಳಿಯುವಂತಿರಲಿಲ್ಲ.

ಬಂದರ್‌ನಲ್ಲಿ ಮೀನು ಮಾರಿಯೇ ಮುಪ್ಪಾದವರು ಅವರು. ಕಿವಿರು ಎತ್ತಿ ನೋಡಿದರೆ ಮೀನು ಯಾವತ್ತಿನದೆಂದು ಹೇಳಿಯಾರು. ಮುತ್ತಿಗೆ ಕಿವಿರು ಎಲ್ಲಿಂದ ತರುವುದು? ಸರ ಹಿಡಿದುಕೊಂಡು ರಾಝಿಕ್‌ನ ಅಂಗಡಿಗೆ ಹೋದರು. ಅವನು ಬಹರೇನ್‌ನಲ್ಲಿ ಮುತ್ತಿನ ವ್ಯಾಪಾರಿಯ ಹತ್ತಿರ ದುಡಿದು ಬಂದವನು. ಟ್ಯೂಬ್‌ಲೈಟಿನಡಿ ನೋಡಬಾರದೆಂದು ಬಾಗಿಲ ಬೆಳಕಿಗೆ ತಂದು, ಬಿಳಿ ಬಟ್ಟೆಯ ಮೇಲೆ ಸರವನ್ನು ಉರುಳಿಸಿದ. ದುಂಡಗಿದ್ದರೆ ಓಲಾಡದೆ ಉರುಳುತ್ತದೆ, ಮೈಯಲ್ಲಿ ಕುಳಿ ಇರಬಾರದು, ಒಂದರ ಬಣ್ಣ ಇನ್ನೊಂದಕ್ಕೆ ಹೊಂದಬೇಕು ಎಂದೆಲ್ಲ ಹೇಳಿದ. ಕೊನೆಗೆ ಒಂದನ್ನು ತನ್ನ ಹಲ್ಲಿಗೆ ಮೆಲ್ಲಗೆ ಉಜ್ಜಿ ತಲೆಯಾಡಿಸಿದ. ಅಸಲಿ ಮುತ್ತು ನುಣ್ಣನೆಯ ಮರಳಿನ ಹಾಗೆ ತರಿತರಿ ಅನ್ನುತ್ತದಂತೆ, ನಕಲಿ ಗಾಜಿನ ಹಾಗೆ ಜಾರುತ್ತದಂತೆ.

"ಇದು ಅಸಲಿಯೇ. ಆದ್ರೆ ರಾಜೀವಿಯಕ್ಕ, ಮುತ್ತಿಗೆ ಮೊದಲು ಬೇಕಾದ್ದು ಹೊಳಪು. ನಿಮ್ಮ ಮುಖ ಅದ್ರಲ್ಲಿ ಕಾಣ್ಬೇಕು. ದೊಡ್ಡದು ಉಂಟು ಅಂತ ಬೆಲೆ ಬರುದಿಲ್ಲ."

ಭಾನುವಾರ ಕುಲಶೇಖರದಲ್ಲಿ ಅಳಿಯನಿಗೆ ಕೋರಿರೊಟ್ಟಿಯ ಊಟ. ರಾಜೀವಿಯಕ್ಕನನ್ನೂ ಗಂಡ ಪೂವಪ್ಪನನ್ನೂ ಕರೆದಿದ್ದರು. ಕರೆಯದಿದ್ದರೂ ರಾಜೀವಿಯಕ್ಕ ಹೋಗುತ್ತಿದ್ದರೋ ಏನೋ. ಬಾಗಿಲು ತೆರೆದ ಬೀಗಿತಿ ನಳಿನಾಕ್ಷಿಯ ಕೊರಳಲ್ಲೇ ಸರ ಇತ್ತು. ಮುತ್ತು ಸಣ್ಣವು. ರಾಜೀವಿಯಕ್ಕನ ಎದೆ ತಂಪಾಯಿತು. ಊಟದ ನಡುವೆ, ಒಮ್ಮೆ ಕೊಡಿ ನೋಡುವ ಎಂದು ಕೈ ತೊಳೆದು ಬಂದು ಇಸಿದುಕೊಂಡು ಕಿಟಕಿಯ ಹತ್ತಿರ ಹೋದರು. ಒಂದು ಮುತ್ತಿನೊಳಗೆ ಅವರದೇ ಮುಖ, ಮೂಗುಬೊಟ್ಟಿನ ಸಮೇತ, ಅಚ್ಚೊತ್ತಿದ ಹಾಗೆ ಕಂಡಿತು. ತಮ್ಮ ಸರದಲ್ಲಿ ಕಾಣುತ್ತಿದ್ದುದು ಮಸುಕು ನೆರಳು ಮಾತ್ರ. ಎಲ್ಲರಿಗೂ ಬೆನ್ನು ಹಾಕಿ ಮುತ್ತನ್ನು ಹಲ್ಲಿಗೆ ಉಜ್ಜಿದರು. ಅದು ಜಾರಿತು. ಮತ್ತೆ ಉಜ್ಜಿದರು. ಗಾಜೇ.

ತಿರುಗಿದಾಗ ಅವರ ಮುಖದಲ್ಲಿ ಎಲ್ಲಿಲ್ಲದ ಕರುಣೆ ಇತ್ತು. "ನಳಿನಕ್ಕ, ಬೇಜಾರು ಮಾಡ್ಬೇಡಿ. ಇದು ಡೂಪ್ಲಿಕೇಟ್. ಅಂಗಡಿಯವ ನಮ್ಮ ಹುಡುಗನಿಗೆ ಮೋಸ ಮಾಡಿದ್ದು."

ಅಕ್ಷಿತಾ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಗಂಡನ ಕಡೆ ನೋಡಿದಳು. ರಂಜಿತ್‌ನ ಮುಖ ಕೆಂಪಾಯಿತು.

"ಎರಡೂ ಒಂದೇ ಅಂಗಡಿದು ಅಮ್ಮ, ಒಂದೇ ಬೆಲೆ. ನೀನು ಫೋನಲ್ಲಿ ದೊಡ್ಡದು ಬೇಕು ಅಂದಿ. ಈ ಹೊಳಪಿನ ದೊಡ್ಡದು ನನ್ನ ಕೈಗೆ ಎಟಕುದಿಲ್ಲ. ಸಂಶಯ ಇದ್ರೆ ನಿನ್ನದನ್ನೂ ಉಜ್ಜಿ ನೋಡು."

ರಾಜೀವಿಯಕ್ಕ ತಮ್ಮ ಕೊರಳಿನದನ್ನು ತೆಗೆದು ಹಟದಿಂದ ಉಜ್ಜಿದರು. ರಾಝಿಕ್ ಅಸಲಿ ಅಂದಿದ್ದ ಸರವೂ ಜಾರಿತು.

ಕೋಳಿಯ ಎಲುಬು ಚೀಪುತ್ತಿದ್ದ ಪೂವಪ್ಪ ತಲೆ ಎತ್ತಲಿಲ್ಲ. "ಹಲ್ಲು ಯಾವ್ದು ಮಾರಾಯ್ತಿ? ಕಂಕನಾಡಿಯಲ್ಲಿ ಕಟ್ಟಿಸಿದ್ದಲ್ವಾ? ಅದಕ್ಕೆ ಮರಳೂ ಒಂದೇ, ಬೆಣ್ಣೆಯೂ ಒಂದೇ."

ಯಾರೂ ನಗಲಿಲ್ಲ. ಅಕ್ಷಿತಾ ಮಾತ್ರ ಸಾರು ತರಲು ಒಳಗೆ ಓಡಿದಳು. ನಳಿನಾಕ್ಷಿ ಮೆಲ್ಲನೆ ಎರಡೂ ಸರ ತೆಗೆದುಕೊಂಡು ತನ್ನ ಮುಂದಿನ ಹಲ್ಲಿಗೆ ಒಂದೊಂದಾಗಿ ಉಜ್ಜಿದರು. ಅವರ ಹಲ್ಲಿನ ಸಾಲಿನಲ್ಲಿ ಒಂದೂ ಉದುರಿರಲಿಲ್ಲ.

"ಎರಡೂ ಮರಳಿನ ಹಾಗೆಯೇ ಉಂಟು, ರಾಜೀವಿಯಕ್ಕ."

"ಯಾವ್ದರಲ್ಲಿ ಜಾಸ್ತಿ?"

ನಳಿನಾಕ್ಷಿ ಅಳಿಯನನ್ನು ನೋಡಿದರು, ಮತ್ತೆ ಉಜ್ಜಿದರು. "ನಿಮ್ಮದರಲ್ಲಿ ಚೂರು ಜಾಸ್ತಿ."

ವಾಪಸು ಬರುವಾಗ ಕಾರಿನಲ್ಲಿ ಸರ ರಾಜೀವಿಯಕ್ಕನ ಕೊರಳಲ್ಲೇ ಇತ್ತು. ಬೀಗಿತಿ ಹೇಳಿದ್ದು ನಿಜವೋ, ಸಮಾಧಾನಕ್ಕೋ? ಉಜ್ಜಿ ನೋಡುವ ಎಂದರೆ ಅದಕ್ಕೂ ಆ ಹೆಂಗಸಿನ ಬಾಯಿಯೇ ಬೇಕು. ಬಿಕರ್ನಕಟ್ಟೆ ದಾಟುವವರೆಗೆ ತಡೆದುಕೊಂಡರು. ಆಮೇಲೆ ಸೊಸೆಯ ಕಡೆ ಬಾಗಿ, ಕೋಪವಿಲ್ಲದವರ ಹಾಗೆ ಕೇಳಿದರು:

"ನಿನ್ನ ಅಮ್ಮ ಎಂತದ್ರಲ್ಲಿ ಹಲ್ಲುಜ್ಜುದು?"