ಮೂರನೆಯ ಹಾಡಿನ ಸಿಂಬಲ್

ನಾನು ಜಪಾನಿನಲ್ಲಿ ಹುಟ್ಟಿದ ಒಂದು ಕ್ಯಾಸೆಟ್. ನನ್ನೊಳಗಿರುವುದು ಒಂದು ಹೆವಿ ಮೆಟಲ್ ತಂಡದ ಹಾಡುಗಳು. ಹರೆಯದಲ್ಲಿ ಗಂಟಲು ಹರಿಯುವಂತೆ ಕಿರುಚಿದವರು ನನ್ನ ಹೊತ್ತಿಗೆ ಮಾಗಿದ್ದರು. ಗಿಟಾರಿನ ಅಬ್ಬರದ ನಡುವೆ ರಾಗಕ್ಕೂ ಜಾಗ ಬಿಟ್ಟಿದ್ದರು. ಇವರಿಗೆ ವಯಸ್ಸಾಯಿತು ಎಂದು ಅಲ್ಲಿಯ ಹುಡುಗರು ಮೂಗು ಮುರಿದರಂತೆ. ಮುರಿದುಕೊಳ್ಳಲಿ, ನನಗೇನು.

ಗದಗಿನ ನೂಲಿನ ಗಿರಣಿಗೆ ಯಂತ್ರ ಕೂಡಿಸಲು ಬಂದ ಎಂಜಿನಿಯರ್ ನನ್ನನ್ನು ಜೊತೆಗೆ ತಂದ. ಹೋಗುವಾಗ ಬೆಟಗೇರಿಯ ಜಯಮಿತ್ರನ ಕೈಗಿಟ್ಟ. ಜಯಮಿತ್ರ ಭಾನುವಾರ ಚರ್ಚಿನಲ್ಲಿ, ಉಳಿದ ದಿನ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ನನ್ನ ಮೂರನೆಯ ಹಾಡು ಅವನಿಗೆ ಹುಚ್ಚು ಹಿಡಿಸಿತು. ಅದರ ಆರಂಭದಲ್ಲಿ ದನಿಯಿಲ್ಲ, ಗಿಟಾರಿಲ್ಲ. ಡ್ರಮ್ಮಿನವನ ಹಿತ್ತಾಳೆ ತಟ್ಟೆ, ಅದೇ ಸಿಂಬಲ್, ಒಂದೇ ಸಮನೆ ಸಣ್ಣಗೆ ಮಿಡಿಯುತ್ತದೆ. ಜಯಮಿತ್ರ ಅದನ್ನು ಕೇಳುತ್ತ ಕಾದಿದ್ದು, ಸರಿಯಾದ ಗಳಿಗೆಗೆ ತಾನೂ ಗಿಟಾರ್ ಮೀಟುತ್ತಿದ್ದ. ಹೆಂಡತಿ ಎಸ್ತೇರ ರೊಟ್ಟಿ ಬಡಿಯುತ್ತಲೇ ನಗುತ್ತಿದ್ದಳು. ಆ ಮನೆಯಲ್ಲಿ ನಾನು ಸುಖವಾಗಿದ್ದೆ.

ವೇದಿಕೆಯ ಮೇಲೆ ಅವನ ಜಾಗ ಡ್ರಮ್ಮಿಗೂ ದೊಡ್ಡ ಸ್ಪೀಕರಿಗೂ ನಡುವೆ. ವರ್ಷಗಟ್ಟಲೆ ಅಲ್ಲೇ ನಿಂತ. ಒಂದು ದಿನ ನನ್ನನ್ನು ಹಾಕಿ, ಸಿಂಬಲ್ ಮಸುಕಾಗಿದೆ ಎಂದು ಗೊಣಗಿದ. ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದ, ಅದರ ಸಣ್ಣ ಸ್ಕ್ರೂ ತಿರುಗಿಸಿದ, ಕೊನೆಗೆ ಪ್ಲೇಯರನ್ನೇ ಬದಲಿಸಿದ. ನನಗೇನೂ ಆಗಿರಲಿಲ್ಲ. ಹೇಳೋಣವೆಂದರೆ ನನಗಿರುವ ಬಾಯಿ ಹಾಡಲು ಮಾತ್ರ.

ಕೆಟ್ಟದ್ದು ನಾನಲ್ಲ ಎಂದು ಎಸ್ತೇರಳಿಗೆ ಗೊತ್ತಾಗಿತ್ತು. ಗಿಟಾರ್ ಹೋದರೆ ಗಂಡ ಉಳಿಯುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಅವನು ಕೇಳಿದಾಗಲೆಲ್ಲ, ಕ್ಯಾಸೆಟ್ಟೇ ಕೆಟ್ಟಿದೆ ಎಂದು ತಪ್ಪನ್ನು ನನ್ನ ತಲೆಗೆ ಕಟ್ಟಿದಳು. ನನಗೆ ಸಿಟ್ಟು ಬಂದದ್ದು ನಿಜ. ಅತ್ತ ಆರ್ಕೆಸ್ಟ್ರಾದಲ್ಲಿ ಅವನ ತಾಳ ತಪ್ಪತೊಡಗಿತು; ಅವನು ಡ್ರಮ್ಮಿನವನ ಮೇಲೆ ಹರಿಹಾಯ್ದ.

ಕೊನೆಗೆ ಮುಂಬೈಯಿಂದ ಇದೇ ಆಲ್ಬಮ್ಮಿನ ಹೊಸ ಸಿಡಿ ತರಿಸಿದ. ನನ್ನನ್ನು ಪಕ್ಕಕ್ಕೆ ಸರಿಸಿ ಮೂರನೆಯ ಹಾಡು ಹಾಕಿದ. ಗಿಟಾರ್ ಹಿಡಿದು ಕಾದ. ಅವನ ಪಾಲಿಗೆ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಆಗ ಅವನ ಕಣ್ಣು ಎಸ್ತೇರಳ ಕಾಲಿನ ಮೇಲೆ ಬಿತ್ತು. ಹೆಬ್ಬೆರಳು ತಾಳ ಹಾಕುತ್ತಿತ್ತು.

“ನಿನಗ ಕೇಳಸ್ತೈತಿ,” ಎಂದ.

“ಇಲ್ರಿ. ಇದೂ ಕೆಟ್ಟೈತಿ,” ಎಂದಳು. ಹೆಬ್ಬೆರಳು ನಿಂತಿತು.

“ಎಷ್ಟ ದಿನಾ ಆತು, ನನ್ನ ಕಿವಿ ಹೋಗಿ?”

ಎಸ್ತೇರ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಿಟಾರನ್ನು ಅವನು ಆ ವಾರವೇ ಚರ್ಚಿಗೆ ಕೊಟ್ಟುಬಿಟ್ಟ. ಆಮೇಲೆ ಮನೆಯಲ್ಲಿ ಮಾತೂ ಕಡಿಮೆಯಾಯಿತು. ನಾನೀಗ ಎಸ್ತೇರಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದೇನೆ. ನಿಜಕ್ಕೂ ಕೆಟ್ಟಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಸಿಂಬಲ್ ಇನ್ನೂ ಹಾಗೇ ಇದೆ. ದಾರ ಹುಡುಕುವಾಗ ಅವಳ ಕೈ ನನಗೆ ತಾಗುತ್ತದೆ. ಗಂಡ ಹೊರಗೆ ಹೋಗಿ ಒಬ್ಬಳೇ ಇರುವಾಗಲೂ ಅವಳು ನನ್ನನ್ನು ಹಾಕುವುದಿಲ್ಲ.