ಎಡಗೈಯ ಕಟ್ಟರ್

ಗಂಡ ಭವಿತ್‌ನ ಉತ್ತರಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಯಶಸ್ವಿ ಎದ್ದಾಗ ಅಜ್ಜಾವರದ ಆ ಮನೆಯಲ್ಲಿ ಎಲ್ಲವೂ ಎಂದಿನ ಹಾಗೇ ಇತ್ತು. ನೆಂಟರು ಹಿಂದಿನ ಸಂಜೆಯೇ ಹೊರಟಿದ್ದರು. ಬಾಡಿಗೆಯ ಕುರ್ಚಿಗಳು ಪಿಕಪ್ ಹತ್ತಿ ಹೋಗಿದ್ದವು. ಶಾಮಿಯಾನದ ಕಂಬ ನೆಟ್ಟ ಗುಂಡಿಗಳು ಅಂಗಳದಲ್ಲಿ ಹಾಗೇ ಬಾಯಿ ಬಿಟ್ಟಿದ್ದವು. ಅತ್ತೆ ದುಗ್ಗಮ್ಮ ಒಲೆಯ ಮುಂದೆ ಕೂತು ನೀರುದೋಸೆ ಹುಯ್ಯುತ್ತಿದ್ದರು.

“ಸ್ಟುಡಿಯೊ ಬಾಗಿಲು ತೆಗೀತೀಯಾ ಇವತ್ತು?”

“ತೆಗೀಬೇಕು ಅತ್ತೆ. ಐವರ್ನಾಡಿನವರ ಮದುವೆ ಫೋಟೊ ಕತ್ತರಿಸಿ ಕೊಡ್ಲಿಕ್ಕುಂಟು.”

“ಹಾಗಾದ್ರೆ ಆ ಕಟ್ಟರನ್ನೂ ಕೊಟ್ಟು ಬಾ. ಹೋದವನು ಕೇಳಿ ತಂದದ್ದು ಬೊಜ್ಜ, ಉತ್ತರಕ್ರಿಯೆ ಎಲ್ಲ ಕಳೆದ ಮೇಲೆ ನಮ್ಮಲ್ಲಿ ಇರ್ಬಾರ್ದು.”

“ಯಾರಿಗೆ ಕೊಡುದು?”

“ಕಡಬದ ಆ ಚಿನ್ಮಯೀಗೆ. ನಿಂಗೆ ಗೊತ್ತಿಲ್ವಾ? ಅವನು ಸುಳ್ಯದಲ್ಲಿ ಸ್ಟುಡಿಯೊ ಇಡುವಾಗ ಅವಳ ಹತ್ರ ಕೇಳಿ ತಂದದ್ದಲ್ವಾ ಮಾರಾಯ್ತಿ.”

ಯಶಸ್ವಿಗೆ ಗೊತ್ತಿರಲಿಲ್ಲ. ಚಿನ್ಮಯೀ ಎಂಬ ಹೆಸರು ಮಾತ್ರ ಚೆನ್ನಾಗಿ ಗೊತ್ತಿತ್ತು. ಮದುವೆಗೆ ಮುಂಚೆ ಭವಿತ್ ಕಡಬದಲ್ಲಿ ಅವಳ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ. ತನಗಿಂತ ಒಂದು ದಿನ ದೊಡ್ಡವರಾದರೂ ಅಕ್ಕ, ಅಣ್ಣ ಎಂದು ಕರೆಯುತ್ತಿದ್ದ ಮನುಷ್ಯ, ಅವಳೊಬ್ಬಳನ್ನು ಬರೀ ಚಿನ್ಮಯೀ ಎನ್ನುತ್ತಿದ್ದ. ಯಾಕೆಂದು ಯಶಸ್ವಿ ಕೇಳಿದವಳಲ್ಲ. ಎಂ.ಎ. ಓದಿದವಳು ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಿದ್ದಳು.

ಬೆಳ್ಳಾರೆ ರಸ್ತೆಯಲ್ಲಿ ಅವನ ಬೈಕು ಜಾರಿದ ಸುದ್ದಿ ಬಂದಂದಿನಿಂದ ಅವಳೊಳಗೆ ಏನೂ ಅಲುಗಾಡಿರಲಿಲ್ಲ. ಜನ ಅತ್ತರು, ಅವಳ ತಲೆ ಸವರಿದರು, ‘ಒಮ್ಮೆ ಅತ್ತುಬಿಡು’ ಎಂದರು. ಅವಳು ಗೋಡೆಯ ಹಾಗೆ ಕೂತಿದ್ದಳು. ಈಗ ದೋಸೆಯ ತಟ್ಟೆಯ ಮುಂದೆ ಮೊದಲ ಬಾರಿಗೆ ಒಳಗೆ ಏನೋ ಕದಲಿತು. ಅದು ದುಃಖವಾಗಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. ಅದು ಹೊಟ್ಟೆಕಿಚ್ಚು.

ಸ್ಟುಡಿಯೊದ ಒಳಕೋಣೆಯಲ್ಲಿ ಕಟ್ಟರ್ ಅದರ ಜಾಗದಲ್ಲೇ ಇತ್ತು. ಗೆರೆ ಹಾಕಿದ ಮರದ ಹಲಗೆ, ಅದರ ಎಡ ಅಂಚಿಗೆ ಉದ್ದದ ಬ್ಲೇಡು, ಬ್ಲೇಡಿನ ತುದಿಗೆ ಕೈಹಿಡಿ. ಎಡಗೈಯಲ್ಲಿ ಹಿಡಿ ಎತ್ತಿ ಇಳಿಸಬೇಕು. ಕಟ್ಟರ್ ಎಂದರೆ ಹೀಗೇ ಇರುವುದು ಎಂದು ಅವಳು ತಿಳಿದಿದ್ದಳು. ಬೇರೆ ಯಾವುದನ್ನೂ ನೋಡಿದವಳಲ್ಲ.

ಮದುವೆಯಾದ ಹೊಸತರಲ್ಲಿ ಇದೇ ಮೇಜಿನ ಮುಂದೆ ಭವಿತ್ ಅವಳ ಹಿಂದೆ ನಿಂತು, ಅವಳ ಎಡಗೈಯ ಮೇಲೆ ತನ್ನ ಕೈ ಇಟ್ಟು, “ಎಳೀಬೇಡ, ಇಳಿಸು” ಎಂದಿದ್ದ. ಹಗಲು ಹೊತ್ತಿನಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ನೋಡಿ ಮಾಡಿದ ಮದುವೆ, ಇಬ್ಬರಿಗೂ ನಾಚಿಕೆ. ಫೋಟೊದ ಬಿಳಿ ಅಂಚು ನೂಲಿನಷ್ಟು ತೆಳ್ಳಗೆ ಉದುರಿ ಬಿದ್ದಿತ್ತು. ತನಗೆ ಗಂಡ ಎಂಬವನೊಬ್ಬ ಇದ್ದಾನೆಂದು ಅವಳಿಗೆ ನಿಜವಾಗಿ ಅನಿಸಿದ್ದು ಆಗ.

ಆ ಹಲಗೆಯೂ ಕಡಬದ್ದೇ?

ಕೊಟ್ಟುಬಿಡುವುದು ಸರಿ. ಆದರೆ ಮೊದಲು ಇದಕ್ಕಿಂತ ಒಳ್ಳೆಯದೊಂದನ್ನು ಕೊಳ್ಳಬೇಕು. ‘ನಮಗೆ ಇದರ ಅಗತ್ಯ ಇಲ್ಲ’ ಎಂದು ಹೇಳಿಯೇ ಕೊಡಬೇಕು. ಮೊಳೆಗೆ ನೇತುಹಾಕಿದ್ದ, ಭವಿತ್ ಕೈ ಒರೆಸುತ್ತಿದ್ದ ಬೈರಾಸಿನಲ್ಲಿ ಕಟ್ಟರನ್ನು ಸುತ್ತಿ, ದೊಡ್ಡ ಚೀಲಕ್ಕೆ ಹಾಕಿ ಅವಳು ಪುತ್ತೂರಿನ ಬಸ್ಸು ಹತ್ತಿದಳು.

ಸ್ಟುಡಿಯೊ ಸಾಮಾನಿಗೆಲ್ಲ ಅವರಿಗೆ ಪುತ್ತೂರಿನ ಸಾಹುಲ್ ಹಮೀದನ ಅಂಗಡಿಯೇ. ಅವಳನ್ನು ಕಂಡದ್ದೇ ಹಮೀದ್ ಎದ್ದು ನಿಂತ. ಮೇಜಿನ ಮೇಲಿನ ಬಿಲ್ಲುಗಳನ್ನು ಸುಮ್ಮನೆ ಜೋಡಿಸತೊಡಗಿದ. ಕಟ್ಟರ್ ಬೇಕೆಂದಾಗ ಬದುಕಿದೆಯಾ ಬಡಜೀವವೇ ಎನ್ನುವಂತೆ ವ್ಯಾಪಾರಕ್ಕಿಳಿದ.

“ಇದು ನೋಡಿ ಅಕ್ಕ, ಚಕ್ರದ್ದು. ಬ್ಲೇಡು ಡಬ್ಬಿಯೊಳಗೆ ಉಂಟು, ಉರುಳಿಸಿದ್ರೆ ಆಯ್ತು. ಬೆರಳು ಹೋಗುದಿಲ್ಲ, ಗೆರೆ ತಪ್ಪುದಿಲ್ಲ. ಆದ್ರೆ ಅಡಿಯ ಪಟ್ಟಿ ಸವೆದ್ರೆ ಅಂಚು ತರಿತರಿ. ಆಗ ಬಂದು ನನಗೆ ಬೈಬಾರ್ದು.”

“ಇದು?”

“ಇದು ಕೈಹಿಡಿಯದ್ದು. ಹಾಳೆ ಒತ್ತಿ ಹಿಡೀಲಿಕ್ಕೆ ಪಟ್ಟಿ ಉಂಟು. ಅದಿಲ್ಲದಿದ್ರೆ ಗ್ಲಾಸಿ ಪೇಪರು ನಮ್ಮ ಪುತ್ತೂರಿನ ಆಟೊದ ಹಾಗೆ, ಸಿಕ್ಕಿದಲ್ಲಿ ನುಗ್ತದೆ.”

ಯಾರದೋ ಗೃಹಪ್ರವೇಶದ ಹಾಳಾದ ಪ್ರಿಂಟೊಂದನ್ನು ಅವನು ಅವಳ ಮುಂದಿಟ್ಟ. ಬ್ಲೇಡು ಬಲಗಡೆಗಿತ್ತು. ಯಶಸ್ವಿಯ ಎಡಗೈ ತಾನಾಗಿ ಎದ್ದು, ಹಲಗೆಯ ಮೇಲಿಂದ ಅಡ್ಡ ಹಾಯ್ದು ಹಿಡಿಯನ್ನು ಹಿಡಿಯಿತು. ಹಾಳೆ ಓರೆಯಾಗಿ ತುಂಡಾಯಿತು. ಮನೆಯೊಡತಿಯ ಅರ್ಧ ಕಿವಿ ಕೆಳಗೆ ಬಿತ್ತು.

“ನೀವು ಎಡಚರಾ?”

“ಅಲ್ಲ. ಬರೆಯುದೆಲ್ಲ ಬಲಗೈಯಲ್ಲೇ.”

ಹಮೀದ್ ಚೀಲದ ಬಾಯಿಂದ ಹೊರಗೆ ಇಣುಕುತ್ತಿದ್ದ ಹಿಡಿಯನ್ನು ನೋಡಿ ನಕ್ಕ. “ಹಾಗೆ ಹೇಳಿ! ಇದು ಚಿನ್ಮಯೀ ಅಕ್ಕನದ್ದಲ್ವಾ. ಅವರು ಎಡಚರು. ಎಡಗೈಯದ್ದೇ ಬೇಕು ಅಂತ ನನ್ನ ಜೀವ ತಿಂದು ತರಿಸಿದ್ದು. ಇದರಲ್ಲಿ ಕಲಿತು ಭವಿತಣ್ಣನೂ ಹಾಗೇ ಆದದ್ದು. ಸಹಿ ಹಾಕುದು ಬಲ, ಕಟ್ ಮಾಡುದು ಎಡ. ಎಷ್ಟು ತಮಾಷೆ ಮಾಡಿದ್ದೇವೆ ಮಾರಾಯ್ರೆ. ಈಗ ನೀವೂ!”

ಯಶಸ್ವಿ ಹಿಡಿ ಬಿಟ್ಟು ತನ್ನ ಕೈ ನೋಡಿಕೊಂಡಳು. ಬೇರೆ ಯಾರದೋ ಕೈಯನ್ನು ತೋಳಿಗೆ ಜೋಡಿಸಿದ ಹಾಗಿತ್ತು.

“ಚಕ್ರದ್ದೇ ತಕೊಳ್ಳಿ ಅಕ್ಕ. ಅದು ಯಾವ ಕೈಗೂ ಆಗ್ತದೆ.”

“ಬೇಡ. ಬಲಗೈಯದ್ದೇ ಕೊಡಿ.”

“ಸುರುವಿಗೆ ತುಂಬ ಹಾಳೆ ಹಾಳಾಗ್ತದೆ, ನೋಡಿ.”

“ಆಗ್ಲಿ.”

ಸುಳ್ಯದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ ಎಂದ ಹಮೀದ್. ಅವಳು ಹಳೆಯದನ್ನು ತೊಡೆಯ ಮೇಲಿಟ್ಟುಕೊಂಡು ಕಡಬದ ಬಸ್ಸಿನಲ್ಲಿ ಕೂತಳು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: ಚಿನ್ಮಯೀ ಇವನಿಗೆ ಹೇಗೆ ಕಲಿಸಿದಳು? ಮೇಜಿನ ಆಚೆ ನಿಂತು ಬಾಯಲ್ಲಿ ಹೇಳಿದಳೇ, ಅಥವಾ ಹಿಂದೆ ನಿಂತು ಕೈ ಹಿಡಿದಳೇ? ಮೊದಲನೆಯದಾದರೆ ಆ ಹಗಲು ಯಶಸ್ವಿಗೆ ಉಳಿಯುತ್ತದೆ. ಆಲಂಕಾರಿನ ಸ್ಟಾಪಿನಲ್ಲಿ ಯಾರೋ ಪಕ್ಕದಲ್ಲಿ ಬಂದು ಕೂತು, “ಎಂತ ಅದು, ಹಲಸಿನ ಹಣ್ಣಾ?” ಎಂದು ಕೇಳಿದರು. ಅವಳು ಹೌದೆಂದಳು.

ನಿನ್ನೆ ಜನರ ನಡುವೆ ದೂರದಿಂದ ಕಂಡಿದ್ದ ಚಿನ್ಮಯೀ, ಹತ್ತಿರದಿಂದ ನೋಡಿದರೆ, ಯಶಸ್ವಿ ಅಂದುಕೊಂಡಷ್ಟು ಚೆಲುವೆಯಾಗಿರಲಿಲ್ಲ. ನಲವತ್ತರ ಹತ್ತಿರದ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಯಾರದೋ ಪಾಸ್‌ಪೋರ್ಟ್ ಫೋಟೊಗಳನ್ನು ಕವರಿಗೆ ತುಂಬುತ್ತಿದ್ದಳು. ಎಡಗೈಯಲ್ಲಿ. ಚೆಲುವೆಯಾಗಿದ್ದರೆ ಸುಲಭವಿತ್ತು ಎಂದು ಯಶಸ್ವಿಗೆ ಅನಿಸಿತು.

“ನೀವಾ? ಬನ್ನಿ, ಕೂತ್ಕೊಳ್ಳಿ.”

“ನಿನ್ನೆ ನೀವು ಊಟ ಮಾಡದೆ ಹೋದ್ರಿ.”

“ಹಸಿವಿರ್ಲಿಲ್ಲ.”

ಯಶಸ್ವಿ ಚೀಲದಿಂದ ಕಟ್ಟರನ್ನು ತೆಗೆದು, ಸುತ್ತಿದ್ದ ಬೈರಾಸನ್ನು ಬಿಚ್ಚಿ, ಮೇಜಿನ ಮೇಲಿಟ್ಟಳು. “ಇದು ನಿಮ್ಮದಂತೆ. ನನಗೆ ಗೊತ್ತಿರ್ಲಿಲ್ಲ. ನಾವು ಬೇರೆ ತಕೊಂಡಿದ್ದೇವೆ.”

“ಇದನ್ನು ಯಾರು ವಾಪಸು ಕೇಳಿದ್ದು? ಇಟ್ಕೊಳ್ಳಿ. ನಿಮಗೂ ಎಡಗೈ ಕಲಿಸಿದ್ದಾನಂತಲ್ಲ.”

ಕಲಿಸಿದ್ದಾನಂತಲ್ಲ. ಇಲ್ಲಿಯ ತನಕ ಬಂದು ಹೇಳಿದ್ದ, ಅದನ್ನೂ.

“ನೀವು ಅವರಿಗೆ ಹೇಗೆ ಕಲಿಸಿದ್ದು?” ಯಶಸ್ವಿ ಕೇಳಿದಳು.

“ಹೇಗೆಂತ? ಹಿಂದೆ ನಿಂತು ಕೈ ಹಿಡಿದು. ಎಳೀಬೇಡ, ಇಳಿಸು ಅಂತ. ನನ್ನಪ್ಪ ನನಗೆ ಹಾಗೇ ಕಲಿಸಿದ್ದು. ಇಲ್ಲಿ ಕೆಲಸಕ್ಕೆ ಬಂದವರಿಗೆಲ್ಲ ನಾನು ಹಾಗೇ ಕಲಿಸುದು. ಇಲ್ಲದಿದ್ರೆ ಬೆರಳು ಉಳಿಯುದಿಲ್ಲ.”

ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಅದರಲ್ಲಿ ಕಳ್ಳತನವಿರಲಿಲ್ಲ, ಗುಟ್ಟೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳ ಜೀವನದ ಆ ಒಂದು ಹಗಲು, ಕಡಬದಲ್ಲಿ ಎಲ್ಲರಿಗೂ ಹೇಳಿಕೊಡುವ ಪಾಠವಾಗಿತ್ತು.

ಚಿನ್ಮಯೀ ಕಟ್ಟರಿನ ಹಿಡಿಯನ್ನು ಒಮ್ಮೆ ಎತ್ತಿ ಇಳಿಸಿದಳು. “ಬ್ಲೇಡಿಗೆ ಎಣ್ಣೆ ಹಾಕು ಅಂತ ಎಷ್ಟು ಸಲ ಬೈದಿದ್ದೇನೆ ಆ ಕತ್ತೆಗೆ,” ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಮುಖ ಕುಸಿಯಿತು. ಕುರ್ಚಿಗೆ ಬಿದ್ದು ಅತ್ತಳು. ಸದ್ದು ಮಾಡಿ, ಮೂಗು ಸೀಟಿ, ಯಾವ ಸಂಕೋಚವೂ ಇಲ್ಲದೆ ಅತ್ತಳು.

ಯಶಸ್ವಿ ನಿಂತು ನೋಡಿದಳು. ಅವಳ ಕಣ್ಣು ಒಣಗಿಯೇ ಇತ್ತು. ಸಿಟ್ಟು ಬಂತು. ಹೆಂಡತಿ ತಾನು, ಅಳು ಮಾತ್ರ ಇವಳಿಗೆ ಬರುತ್ತದೆ. ಕೈ ಹಿಡಿದು ಕಲಿಸಿದ್ದು, ಕತ್ತೆ ಎಂದು ಬೈದದ್ದು, ಈಗ ಅಳುವುದು, ಎಲ್ಲದರಲ್ಲೂ ಇವಳೇ ಮುಂದೆ.

ಚಿನ್ಮಯೀ ಕೈಗೆ ಸಿಕ್ಕಿದ ಬೈರಾಸನ್ನು ಎಳೆದುಕೊಂಡು ಕಣ್ಣು, ಮೂಗು ಒರೆಸಿಕೊಂಡಳು.

“ಅದು ಇವರದ್ದು,” ಎಂದಳು ಯಶಸ್ವಿ.

ಚಿನ್ಮಯೀ ತಲೆ ಎತ್ತಿದಳು.

“ಕಟ್ಟರ್ ನಿಮ್ಮದು. ಬೈರಾಸು ನಮ್ಮದು. ಕೊಡಿ.”

ಚಿನ್ಮಯೀ ಅದನ್ನು ನೋಡಿದಳು, ಇವಳನ್ನು ನೋಡಿದಳು. ಮೊಣಕಾಲ ಮೇಲೆ ಹರಡಿ ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಯಶಸ್ವಿ ಅದನ್ನು ಖಾಲಿ ಚೀಲದೊಳಗೆ ಹಾಕಿ, ಕಟ್ಟರನ್ನು ಮೇಜಿನ ಆ ಬದಿಗೆ, ಚಿನ್ಮಯೀಯ ಎಡಗೈ ತಲುಪುವಲ್ಲಿಗೆ, ದೂಡಿದಳು.