ಬಸಿಗಾಲುವೆಗೆ ಇಳಿಯೋರು ಯಾರು?

ಸರ್ಕಾರಿ ಫಾರಂನ ಟ್ರ್ಯಾಕ್ಟರ್ ಚಾಲಕನನ್ನು ಎಲ್ಲರೂ ಗುಡುಗಣ್ಣ ಎಂದೇ ಕರೆಯುತ್ತಾರೆ. ಇಂಜಿನ್ ಸದ್ದನ್ನೂ ಮೀರಿಸುವ ಗಂಟಲು ಅವನದು. ಆದರೆ ಫಾರಂ ಸಭೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಎಲ್ಲರೂ ಕೈ ಎತ್ತಿದರೆ ತಾನೂ ಎತ್ತಿ, ಮನೆಗೆ ಬಂದು ಗುಡುಗುತ್ತಾನೆ.

ಅವತ್ತು ಸಭೆಗೆ ಮುಂಚೆಯೇ ಮನೆಯಲ್ಲಿ ಗುಡುಗು ಶುರುವಾಗಿತ್ತು. ಬೀಳು ಬಿದ್ದಿದ್ದ ಕೆಳಗಿನ ಬಯಲನ್ನು ತುಂಡು ಮಾಡಿ ರೈತರಿಗೆ ಗುತ್ತಿಗೆ ಕೊಡಬೇಕೆ, ಬೇಡವೆ ಎಂದು ಸಂಜೆ ತೀರ್ಮಾನ. ಫಾರಂನ ಕೊಟ್ಟಿಗೆಯಲ್ಲಿ ದುಡಿಯುವ ಅವನ ಹೆಂಡತಿಯೇ ಒಂದು ತುಂಡು ಕೇಳಿದ್ದಳು.

"ನಮ್ಮಪ್ಪಂದಿರು ಒಟ್ಟಿಗೆ ಸೇರಿ ಜೌಗು ಬತ್ತಿಸಿ ಮಾಡಿದ ನೆಲ ಕಣೇ ಅದು. ಎಲ್ಲರದ್ದನ್ನ ಒಬ್ಬೊಬ್ಬರ ಕೈಗೆ ಕೊಟ್ರೆ ಅದ್ಯಾವ ಸೀಮೆ ಸಮಾಜವಾದ?"

"ಎಲ್ಲರದ್ದು ಅಂತ ಹೇಳ್ಕೊಂಡು ಯಾರೂ ತಿರುಗಿ ನೋಡದೆ ಇರೋದು ಸಮಾಜವಾದನಾ ಭಾವ?" ಎಂದಳು ಅಕ್ಕನ ಮನೆಗೆ ಬಂದಿದ್ದ ನಾದಿನಿ. ಅವಳು ಫಾರಂ ಸಮಿತಿಯ ಸದಸ್ಯೆ. "ನೆಲ ಮಾರ್ತಿಲ್ಲ, ಒಡೆತನ ಸರ್ಕಾರದ್ದೇ. ಬಿತ್ತದೆ ಬಿಟ್ರೆ ವಾಪಸ್ ತಗೋತಾರೆ. ಇಲ್ಲಿ ದುಡಿಯೋರಿಗೇ ಮೊದಲ ಹಕ್ಕು."

"ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನ ಮಾಡಿದೀನಿ," ಎಂದಳು ಹೆಂಡತಿ. "ಒಂದು ಸಲ ನಾನು ಅಂದ್ಕೊಂಡ ಬೆಳೆ ಬೆಳೀಬೇಕು ಕಣ್ರೀ."

ಅವನ ದನಿ ತಗ್ಗಿತು. "ಸರಿ, ನಿನ್ನ ಹೊಲ ನೀನು ನೋಡ್ಕೋತೀಯ. ಬಸಿಗಾಲುವೆ ಕಥೆ ಏನು? ಈಗ ಮಳೆಗೆ ಮುಂಚೆ ಫಾರಂ ಕೆಲಸ ಅಂತ ನಾವೆಲ್ಲ ಇಳಿದು ಹೂಳು ತೆಗೀತೀವಿ. ನಾಳೆ ಗುತ್ತಿಗೆ ತಗೊಂಡ ಒಬ್ಬ ಆಗಲ್ಲ ಅಂದ್ರೂ ಇಡೀ ಬಯಲಲ್ಲಿ ನೀರು ನಿಲ್ಲತ್ತೆ. ನಿನ್ನ ಬೆಳೆನೂ ಕೊಳೆಯತ್ತೆ."

ನಾದಿನಿ ತಬ್ಬಿಬ್ಬಾದಳು. "ಇದು ನಮಗ್ಯಾರಿಗೂ ಹೊಳೆದೇ ಇಲ್ಲ ಭಾವ! ಸಭೇಲಿ ಕೇಳಿ."

"ನಾನಾ? ನೀನೇ ಹೇಳಮ್ಮ."

"ಕಾಲುವೆಗೆ ಇಳಿಯೋರು ನೀವು. ನೀವು ಹೇಳಿದ್ರೇನೇ ತೂಕ."

ಯಂತ್ರಗಳ ಶೆಡ್ಡಿನಲ್ಲಿ ಸಭೆ ಸೇರಿತು. "ಗುತ್ತಿಗೆ ಕೊಡೋಕೆ ಎಲ್ಲರಿಗೂ ಒಪ್ಪಿಗೆ ತಾನೇ?" ಎಂದರು ಅಧ್ಯಕ್ಷರು. ಎಂದಿನಂತೆ ಕೈಗಳು ಮೇಲೇಳತೊಡಗಿದವು.

"ಕೈ ಇಳಿಸ್ರಿ!"

ತಗಡಿನ ಮಾಡು ಅದುರಿತು. ಗುಡುಗಣ್ಣ ಎದ್ದು ನಿಂತಿದ್ದ. ಕಾಲುವೆಯ ಮಾತನ್ನು ಬಿಡಿಸಿ ಹೇಳಿದ.

"ಅಂದ್ರೆ ಗುತ್ತಿಗೆ ಬೇಡ ಅಂತೀಯಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಬೇಡ ಅಂದ್ನಾ? ಹೊಲ ಬೇರೆ ಬೇರೆ ಆಗ್ಲಿ, ಕಾಲುವೆ ಎಲ್ಲರದ್ದೇ ಇರ್ಲಿ. ಹೂಳು ತೆಗೆಯೋ ದಿನ ಬರದವರಿಗೆ ಗುತ್ತಿಗೆ ಇಲ್ಲ ಅಂತ ಕರಾರಲ್ಲಿ ಸೇರಿಸಿ. ಮೊದಲು ನನ್ನ ಹೆಂಡ್ತಿಗೇ ಅನ್ವಯ ಆಗ್ಲಿ!"

ಶೆಡ್ಡೆಲ್ಲ ನಕ್ಕಿತು. ಅಧ್ಯಕ್ಷರು ಷರತ್ತನ್ನು ಅಲ್ಲೇ ಸೇರಿಸಿ ಮತ್ತೆ ಒಪ್ಪಿಗೆ ಕೇಳಿದರು. ಎಲ್ಲರಿಗಿಂತ ಮೊದಲು ಹೆಂಡತಿಯ ಕೈ ಮೇಲೆದ್ದಿತು, ಅದರ ಬೆನ್ನಿಗೇ ಅವನದು. ಅವಳು ಹೆಮ್ಮೆಯಿಂದ ಬೀಗುತ್ತ, ಯಾರಿಗೂ ಗೊತ್ತಿಲ್ಲವೇನೋ ಎಂಬಂತೆ ಅಕ್ಕಪಕ್ಕದವರಿಗೆಲ್ಲ ಹೇಳಿದಳು: "ಇವರೇ ನಮ್ಮನೆಯವರು!"

ಬಂಧುಗಳೇ, ಎಲ್ಲರ ನೆಲದ ಬಗ್ಗೆ ನಿಮ್ಮಲ್ಲೂ ಸಭೆ ಸೇರುತ್ತದೆ. ಕರಾರನ್ನು ಓದಿಸಿ ಕೇಳಿ. ಅನುಮಾನವಿದ್ದರೆ ಮನೆಯಲ್ಲಿ ಗೊಣಗಬೇಡಿ, ಎದ್ದು ನಿಂತು ಕೇಳಿ. ಒಪ್ಪುವವರೂ ಸಭೆಗೆ ಬನ್ನಿ. ಒಪ್ಪದವರು ಅವರಿಗಿಂತ ಮೊದಲು ಬನ್ನಿ.